ಮೂರು ಸಲ ಪ್ಯಾಕಿಂಗ್ ಬದಲಿಸಿದರೂ ನಿಲ್ಲದ ಬುಲೆಟ್ ಎಣ್ಣೆ

ಪ್ರಶ್ನೆ: ನಮ್ಮ ತಂದೆಯವರು 1987ರಲ್ಲಿ ಕೊಂಡ ಬುಲೆಟ್ 350 ತೀರ್ಥಹಳ್ಳಿ ಸಮೀಪದ ನಮ್ಮ ಮನೆಯಲ್ಲಿದೆ. ಹಲವು ವರ್ಷ ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ ನಿಂತಿದ್ದ ಅದನ್ನು ಎರಡು ವರ್ಷಗಳ ಹಿಂದೆ ಸರಿಪಡಿಸಿ ಓಡಿಸುತ್ತಿದ್ದೇನೆ. ಎಡಗಡೆ ಚೈನ್‌ಕೇಸಿನ (ಎಂಜಿನ್ನಿನಿಂದ ಕ್ಲಚ್ಚಿಗೆ ಹೋಗುವ ಚೈನಿನ ಪೆಟ್ಟಿಗೆಯ) ಕೆಳಗೂ ಬಲಗಡೆ ಸಿಲಿಂಡರಿನ ಬುಡದಲ್ಲೂ ಎಣ್ಣೆ ಸೋರುತ್ತದೆ. ಮೂರು ಸಲ ಪ್ಯಾಕಿಂಗ್ (ಎರಡು ಭಾಗಗಳು ಕೂಡುವಲ್ಲಿ ಎಣ್ಣೆ ಸೋರದಂತೆ ಇಡುವ ತೆಳು ಹಾಳೆ) ಬದಲಿಸಿದ್ದಾಯಿತು. ಪ್ರತಿ ಸಲವೂ ಇನ್ನೂರು ಮುನ್ನೂರು ಕಿಲೋಮೀಟರ್ ಓಡುವಷ್ಟರಲ್ಲಿ ಮತ್ತೆ ಜಿನುಗತೊಡಗುತ್ತದೆ. ಈ ಸಲ ಮಳೆಗಾಲವಿಡೀ ನಿಲ್ಲಿಸಿ ದೀಪಾವಳಿಯ ಹೊತ್ತಿಗೆ ಹೊರತೆಗೆದಾಗ ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆ ತೀರ ಕಡಿಮೆ ಕಂಡಿತು. ಮುಕ್ಕಾಲು ಲೀಟರ್ ಹಾಕಿ ಸ್ಟಾರ್ಟ್ ಮಾಡಿದೆ. ದಟ್ಟವಾದ ಹೊಗೆ ಬಂತು, ಸೋರಿಕೆಯೂ ಮೊದಲಿಗಿಂತ ಜಾಸ್ತಿಯಾಯಿತು. ಎಂಜಿನ್ ಇಳಿಸಿ ಪೂರ್ತಿ ಬಿಚ್ಚಬೇಕೆಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. ಬಿಚ್ಚಿಸಲೇಬೇಕೇ?

ಉತ್ತರ: ಈಗಲೇ ಬೇಡ. ನಿಮ್ಮ ಪತ್ರದಲ್ಲಿ ನೀವು ಗಮನಿಸಿ ಬರೆದಿರುವ ಮೂರು ಸಂಗತಿಗಳು ಎಂಜಿನ್ ಬಿಚ್ಚದೆಯೇ ಬಹಳಷ್ಟನ್ನು ಹೇಳುತ್ತಿವೆ. ಎಣ್ಣೆ ಎಡಬಲಗಳೆರಡರಲ್ಲೂ ಏಕಕಾಲಕ್ಕೆ ಸೋರುತ್ತಿದೆ. ಹೊಸ ಪ್ಯಾಕಿಂಗ್ ಕೂಡ ಹೆಚ್ಚು ದಿನ ತಡೆಯುತ್ತಿಲ್ಲ. ತಿಂಗಳುಗಟ್ಟಲೆ ನಿಂತ ಮೇಲೆ ಎಣ್ಣೆಯ ಮಟ್ಟ ಇಳಿದಂತೆ ಕಂಡು, ಮೇಲೆ ಸುರಿದ ಕೂಡಲೇ ಸೋರಿಕೆ ಹೆಚ್ಚಿದೆ. ಒಂದೇ ಜಾಗದಲ್ಲಿ ಸೋರಿದ್ದರೆ ಆ ಜಾಗದ ಪ್ಯಾಕಿಂಗನ್ನು ಅನುಮಾನಿಸಬಹುದಿತ್ತು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕೀಲುಗಳು ಒಟ್ಟಿಗೇ ಸೋತಿವೆಯೆಂದರೆ, ಒಳಗಿನಿಂದ ಯಾವುದೋ ಎಣ್ಣೆಯನ್ನು ಹೊರಕ್ಕೆ ತಳ್ಳುತ್ತಿದೆಯೆಂದೇ ಮೊದಲು ಭಾವಿಸಬೇಕು. ತಳ್ಳುವುದನ್ನು ನಿಲ್ಲಿಸದೆ ಎಷ್ಟು ಪ್ಯಾಕಿಂಗ್ ಹಾಕಿದರೂ ಅದು ತೂಬು ಕಟ್ಟಿಕೊಂಡ ಕೆರೆಯ ಏರಿಗೆ ಮಣ್ಣು ಮೆತ್ತಿದ ಹಾಗೆ.

ಹಳೆಯ ಬುಲೆಟ್ ಎಂದಮೇಲೆ ಎಣ್ಣೆ ಸೋರಲೇಬೇಕು, ಸೋರುತ್ತಿದ್ದರೆ ಒಳಗೆ ಎಣ್ಣೆ ಇದೆಯೆಂದು ಅರ್ಥ ಎಂಬ ತಮಾಷೆ ಎಲ್ಲ ಗ್ಯಾರೇಜುಗಳಲ್ಲೂ ಉಂಟು. ಇದರಲ್ಲಿ ಅರ್ಧ ನಿಜವಿದೆ. ಬೀಡು ಕಬ್ಬಿಣದ ಸಿಲಿಂಡರು, ಅದರಡಿ ಕ್ರ್ಯಾಂಕ್ ಶಾಫ್ಟು ತಿರುಗುವ ಅಲ್ಯೂಮಿನಿಯಂ ಪೆಟ್ಟಿಗೆ ಅಂದರೆ ಕ್ರ್ಯಾಂಕ್‌ಕೇಸು, ನಡುವೆ ಕಾಗದದ ಪ್ಯಾಕಿಂಗ್ ಇರುವ ಎಂಜಿನ್ನಿನಲ್ಲಿ ಕಾವಿಗೆ ಎರಡು ಲೋಹಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುದರಿಂದ ಕೀಲುಗಳು ತುಸು ಬೆವರುವುದು ಸಹಜ. ಆದರೆ ಬೆವರುವುದು ಬೇರೆ, ಜಿನುಗುವುದು ಬೇರೆ, ತೊಟ್ಟಿಕ್ಕುವುದು ಬೇರೆ. ಬಟ್ಟೆಯಲ್ಲಿ ಒರೆಸಿದರೆ ಹೋಗುವ, ವಾರದ ಮೇಲೆ ಮತ್ತೆ ಕಾಣುವ ತೇವವನ್ನು ನಾನು ರಿಪೇರಿ ಮಾಡಲು ಹೋಗುವುದಿಲ್ಲ. ನೆಲಕ್ಕೆ ತೊಟ್ಟು ಬೀಳುತ್ತಿದ್ದರೆ ಮಾತ್ರ ಕಾರಣ ಹುಡುಕಬೇಕು. ನಿಮ್ಮದು ಈ ಕೊನೆಯ ಜಾತಿಯದು.

ನಿಮ್ಮ ಕೈಯಿಂದಲೇ ಆಗಿರುವ ಒಂದು ತಪ್ಪನ್ನು ಮೊದಲು ಸರಿಪಡಿಸೋಣ. ಬುಲೆಟ್ಟಿಗೆ ಎಣ್ಣೆಯ ಟ್ಯಾಂಕು ಪ್ರತ್ಯೇಕವಾಗಿಲ್ಲ. ಕ್ರ್ಯಾಂಕ್‌ಕೇಸಿನ ಎರಕದೊಳಗೇ ಹಿಂಭಾಗದಲ್ಲಿ ಒಂದು ಕೋಣೆ ಇದ್ದು, ನೀವು ಕ್ಯಾಪ್ ತೆಗೆದು ಎಣ್ಣೆ ಸುರಿಯುವುದು ಅಲ್ಲಿಗೆ. ಬಲಗಡೆಯ ಟೈಮಿಂಗ್ ಕವರಿನೊಳಗೆ ಎರಡು ಪಂಪುಗಳಿವೆ: ಒಂದು ಆ ಕೋಣೆಯಿಂದ ಎಣ್ಣೆಯನ್ನು ಎಳೆದು ಬಿಗ್ ಎಂಡಿಗೂ (ಪಿಸ್ಟನ್ನಿನ ದಂಡ ಕ್ರ್ಯಾಂಕಿಗೆ ಕೂಡುವ ಬೇರಿಂಗ್) ಮೇಲೆ ವಾಲ್ವುಗಳನ್ನು ಒತ್ತುವ ರಾಕರುಗಳಿಗೂ ಕೊಡುತ್ತದೆ, ಇನ್ನೊಂದು ಕ್ರ್ಯಾಂಕಿನ ತಳಕ್ಕೆ ಇಳಿದ ಎಣ್ಣೆಯನ್ನು ಮತ್ತೆ ಕೋಣೆಗೆ ಮರಳಿಸುತ್ತದೆ. ಪಂಪಿನ ತಿರುಗುವ ಬಿಲ್ಲೆಯನ್ನು ಅದರ ಪೀಠಕ್ಕೆ ಒತ್ತಿ ಹಿಡಿದಿರುವುದು ಒಂದು ಸ್ಪ್ರಿಂಗ್ ಮಾತ್ರ. ಆ ಎರಡು ಮುಖಗಳ ನಡುವೆ ಗೀರು ಬಿದ್ದಿದ್ದರೆ, ಗಾಡಿ ನಿಂತಿರುವಾಗ ಎಣ್ಣೆ ತನ್ನ ಭಾರದಿಂದಲೇ ಆ ಸಂದಿನಲ್ಲಿ ಸೋಸಿ, ಕೋಣೆಯಿಂದ ಕ್ರ್ಯಾಂಕಿನ ತಳಕ್ಕೆ ಹನಿಹನಿಯಾಗಿ ಇಳಿಯುತ್ತದೆ. ಜೂನ್ ತಿಂಗಳಲ್ಲಿ ನಿಲ್ಲಿಸಿದ ಗಾಡಿಯಲ್ಲಿ ದೀಪಾವಳಿಯ ಹೊತ್ತಿಗೆ ಹೆಚ್ಚುಕಡಿಮೆ ಅಷ್ಟೂ ಎಣ್ಣೆ ಕೆಳಗೆ ಸೇರಿರುವುದುಂಟು. ಡಿಪ್‌ಸ್ಟಿಕ್ ಅದ್ದುವುದು ಕೋಣೆಯಲ್ಲಿ, ಕೋಣೆ ಖಾಲಿ. ಎಣ್ಣೆ ಎಂಜಿನ್ನಿನೊಳಗೇ ಇದೆ, ಜಾಗ ಮಾತ್ರ ಬದಲಾಗಿದೆ. ಅದು ತಿಳಿಯದೆ ನೀವು ಮುಕ್ಕಾಲು ಲೀಟರ್ ಹೆಚ್ಚಿಗೆ ಸುರಿದಿರಿ. ಸ್ಟಾರ್ಟ್ ಮಾಡಿದಾಗ ತಳದಲ್ಲಿದ್ದ ಎಣ್ಣೆಯನ್ನು ಕ್ರ್ಯಾಂಕು ಎರಚಿತು. ಪಿಸ್ಟನ್ನಿನ ಸುತ್ತಲಿನ ರಿಂಗುಗಳನ್ನು ದಾಟಿ ಮೇಲೆ ಹೋದದ್ದು ಹೊಗೆಯಾಯಿತು, ಉಳಿದದ್ದು ಸಿಕ್ಕ ಸಿಕ್ಕ ಕೀಲಿನಿಂದ ಹೊರಬಿತ್ತು. ಕಿಕ್ ಹೊಡೆಯುವಾಗ ಕಾಲಿಗೆ ಎಂದಿಗಿಂತ ಭಾರವೆನಿಸಿತೇ ಎಂದು ನೆನಪಿಸಿಕೊಳ್ಳಿ. ಅದೂ ಇದೇ ರೋಗದ ಲಕ್ಷಣ.

ಆದ್ದರಿಂದ ಮೊದಲ ಕೆಲಸ ಹೀಗಿರಲಿ. ಗಾಡಿಯನ್ನು ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿಸಿ, ಎಂಜಿನ್ ಚೆನ್ನಾಗಿ ಕಾದ ಮೇಲೆ ಮಧ್ಯದ ಸ್ಟ್ಯಾಂಡಿನಲ್ಲಿ ಸಮನಾಗಿ ನಿಲ್ಲಿಸಿ, ಆರಿಸಿ ಒಂದೆರಡು ನಿಮಿಷದೊಳಗೆ ಡಿಪ್‌ಸ್ಟಿಕ್ ನೋಡಿ. ಈ ಎಂಜಿನ್ನಿನಲ್ಲಿ ನಂಬಬೇಕಾದ ಅಳತೆ ಇದೊಂದೇ. ಬೆಳಗ್ಗೆ ಎದ್ದು ತಣ್ಣಗಿರುವಾಗ ನೋಡುವ ಅಳತೆ ಕಾರಿಗೆ ಸರಿ, ಇದಕ್ಕಲ್ಲ. ಮೇಲಿನ ಗೆರೆಯನ್ನು ದಾಟಿದ್ದರೆ, ದಾಟಿದಷ್ಟನ್ನು ಇಳಿಸಿಬಿಡಿ. ಅನಂತರ ಒಂದು ವಾರ ಮುಟ್ಟದೆ ನಿಲ್ಲಿಸಿ ಮತ್ತೆ ನೋಡಿ. ನೆಲದಲ್ಲಿ ಎಣ್ಣೆ ಬಿದ್ದಿಲ್ಲ, ಆದರೂ ಮಟ್ಟ ಕಣ್ಣಿಗೆ ಕಾಣುವಷ್ಟು ಇಳಿದಿದೆಯೆಂದರೆ ಪಂಪಿನ ಬಿಲ್ಲೆ ಎಣ್ಣೆಯನ್ನು ಬಿಡುತ್ತಿದೆ. ಎಂಜಿನ್ನಿನ ತಳದಲ್ಲಿ ಕೋಣೆಗೊಂದು, ಕ್ರ್ಯಾಂಕಿನ ತಳಕ್ಕೊಂದು ಬೇರೆ ಬೇರೆ ಡ್ರೈನ್ ಪ್ಲಗ್ಗುಗಳಿವೆ. ಕ್ರ್ಯಾಂಕಿನ ತಳದ್ದನ್ನು ಬಿಚ್ಚಿ, ಬಂದ ಎಣ್ಣೆಯನ್ನು ಒಂದು ಲೀಟರಿನ ನೀರಿನ ಬಾಟಲಿಯಲ್ಲಿ ಹಿಡಿದು ಅಳೆಯಿರಿ. ಒಂದು ಕಾಫಿ ಲೋಟದಷ್ಟು ಬಂದರೆ ಯೋಚಿಸಬೇಕಾಗಿಲ್ಲ. ಒಂದೇ ವಾರಕ್ಕೆ ಅರ್ಧ ಬಾಟಲಿ ದಾಟಿದರೆ ಪಂಪು ನೋಡಿಸಬೇಕು.

ಪಂಪಿನ ಕೆಲಸಕ್ಕೆ ಎಂಜಿನ್ ಇಳಿಸಬೇಕಾಗಿಲ್ಲ, ಟೈಮಿಂಗ್ ಕವರ್ ಬಿಚ್ಚಿದರೆ ಸಾಕು. ಬಿಲ್ಲೆಯನ್ನು ಅದರ ಪೀಠದ ಮೇಲೇ ಅತಿ ನಯವಾದ ಪಾಲಿಶ್ ಹಚ್ಚಿ, ಬೆರಳಿನ ಹಗುರ ಒತ್ತಡದಲ್ಲಿ ಅತ್ತಿಂದಿತ್ತ ತಿರುಗಿಸುತ್ತ ಉಜ್ಜಬೇಕು. ಮುಖ ಪೂರ್ತಿ ಒಂದೇ ಬಣ್ಣದ ಮಂಕು ಹೊಳಪಿಗೆ ಬಂದಾಗ ನಿಲ್ಲಿಸಬೇಕು. ಬಳಿಕ ಪಾಲಿಶಿನ ಕಣವೊಂದೂ ಉಳಿಯದಂತೆ ಸೀಮೆಎಣ್ಣೆಯಲ್ಲಿ ತೊಳೆಯಬೇಕು, ಏಕೆಂದರೆ ಉಳಿದ ಕಣ ಹೋಗುವುದು ನೇರವಾಗಿ ಬಿಗ್ ಎಂಡಿಗೆ. ತಾಳ್ಮೆಯಿರುವವರಿಗೆ ಒಂದು ಮಧ್ಯಾಹ್ನದ ಕೆಲಸ. ಇಷ್ಟು ಮಾಡಿದರೂ ತಿಂಗಳುಗಟ್ಟಲೆ ನಿಂತರೆ ಸ್ವಲ್ಪ ಇಳಿದೇ ಇಳಿಯುತ್ತದೆ. ಮಳೆಗಾಲ ಕಳೆದು ಮೊದಲ ಸಲ ಕಿಕ್ ಹೊಡೆಯುವ ಮುನ್ನ ತಳದ ಪ್ಲಗ್ ಬಿಚ್ಚಿ, ಬಂದ ಎಣ್ಣೆ ಶುಭ್ರವಾಗಿದ್ದರೆ ಅದನ್ನೇ ಸೋಸಿ ಕೋಣೆಗೆ ಹಾಕುವ ಅಭ್ಯಾಸವನ್ನು ಇಟ್ಟುಕೊಳ್ಳಿ.

ಆ ಎಣ್ಣೆ ಕಡೆದ ಮಜ್ಜಿಗೆಯ ನೊರೆಯಂತೆ ಬೆಳ್ಳಗಿದ್ದರೆ ಮರಳಿ ಹಾಕಬೇಡಿ. ಅದು ನೀರು ಬೆರೆತ ಎಣ್ಣೆ. ನಮ್ಮ ಕಡೆ ಮಳೆಗಾಲದಲ್ಲಿ ಗಾಡಿ ಕೆಡಬಾರದೆಂದು ವಾರಕ್ಕೊಮ್ಮೆ ಅಂಗಳದಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆರಿಸುವವರಿದ್ದಾರೆ. ಒಳಗೆ ಕಾವು ಸಾಲದೆ, ಉರಿದ ಪೆಟ್ರೋಲಿನಿಂದ ಹುಟ್ಟಿದ ನೀರಾವಿ ಹೊರಹೋಗದೆ ಅಲ್ಲೇ ಇಬ್ಬನಿಯಾಗಿ ಎಣ್ಣೆಗೆ ಸೇರುತ್ತದೆ. ಓಡಿಸುವುದಾದರೆ ಇಪ್ಪತ್ತು ಕಿಲೋಮೀಟರ್ ಓಡಿಸಿ, ಇಲ್ಲವಾದರೆ ಸ್ಟಾರ್ಟ್ ಮಾಡದೆ ಬಿಡಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ನಿಮ್ಮ ಎಂಜಿನ್ನಿನ ಸಿಲಿಂಡರು 70 ಮಿ.ಮೀ. ಅಗಲ, ಪಿಸ್ಟನ್ನಿನ ಓಡಾಟ 90 ಮಿ.ಮೀ.; ಒಟ್ಟು 346 ಸಿ.ಸಿ. ಪಿಸ್ಟನ್ ಮೇಲೆ ಹೋದಾಗ ಅದರ ಕೆಳಗೂ ಅಷ್ಟೇ ಜಾಗ ತೆರವಾಗುತ್ತದೆ, ಕೆಳಗೆ ಬಂದಾಗ ಅಷ್ಟೇ ಗಾಳಿ ಒತ್ತಲ್ಪಡುತ್ತದೆ. ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುವಾಗ ಇದು ಸೆಕೆಂಡಿಗೆ ಐವತ್ತು ಸಲ ನಡೆಯುತ್ತದೆ. ಜೊತೆಗೆ ರಿಂಗುಗಳ ಸಂದಿನಿಂದ ನುಸುಳಿ ಬರುವ ಹೊಗೆಯೂ ಅಲ್ಲಿಗೇ ಸೇರುತ್ತದೆ. ಈ ಗಾಳಿ ಹೊರಹೋಗಲೆಂದೇ ಕ್ರ್ಯಾಂಕ್‌ಕೇಸಿಗೆ ಬ್ರೀದರ್ ಇಟ್ಟಿರುವುದು. ಅದು ಬರಿಯ ತೂತಲ್ಲ, ಒಮ್ಮುಖದ ಕವಾಟ. ಕೆಲವು ಗಾಡಿಗಳಲ್ಲಿ ಒಳಗೆ ತೆಳುವಾದ ಬಿಲ್ಲೆಯಿರುತ್ತದೆ, ಕೆಲವದರಲ್ಲಿ ಪೈಪಿನ ತುದಿಗೆ ಬಾತುಕೋಳಿಯ ಕೊಕ್ಕಿನಂತಹ ರಬ್ಬರ್ ತುಂಡಿರುತ್ತದೆ. ಪಿಸ್ಟನ್ ಇಳಿಯುವಾಗ ಕೊಕ್ಕು ತೆರೆದು ಗಾಳಿಯನ್ನು ಬಿಡಬೇಕು, ಏರುವಾಗ ಮುಚ್ಚಿಕೊಂಡು ಹೊರಗಿನ ಗಾಳಿಯನ್ನು ತಡೆಯಬೇಕು. ಹೀಗಾದರೆ ಒಳಗಿನ ಒತ್ತಡ ಸರಾಸರಿಯಲ್ಲಿ ಹೊರಗಿನದಕ್ಕಿಂತ ಕಡಿಮೆಯಿರುತ್ತದೆ. ಕೀಲಿನಲ್ಲಿ ಕೂದಲೆಳೆಯಷ್ಟು ಸಂದಿದ್ದರೂ ಗಾಳಿ ಒಳಕ್ಕೆ ಎಳೆಯಲ್ಪಡುತ್ತದೆಯೇ ಹೊರತು ಎಣ್ಣೆ ಹೊರಕ್ಕೆ ಬರುವುದಿಲ್ಲ. ಮುವ್ವತ್ತು ವರ್ಷದ ಹಳೆಯ ಪ್ಯಾಕಿಂಗ್ ಇದ್ದೂ ಒಣಗಿರುವ ಎಂಜಿನ್ನುಗಳ ಗುಟ್ಟು ಇದು.

ರಬ್ಬರ್ ಕೊಕ್ಕು ವರ್ಷಾನುಗಟ್ಟಲೆ ಕಾವು ಮತ್ತು ಎಣ್ಣೆಯಲ್ಲಿ ಬೆಂದು ಒಣಗಿದ ಹುಣಸೆ ಸಿಪ್ಪೆಯಂತೆ ಸೆಟೆದುಕೊಳ್ಳುತ್ತದೆ. ಆಗ ಅದು ಪೂರ್ತಿ ತೆರೆಯುವುದೂ ಇಲ್ಲ, ಪೂರ್ತಿ ಮುಚ್ಚುವುದೂ ಇಲ್ಲ. ಅದನ್ನು ಬಿಚ್ಚಿ, ತೊಳೆದು, ಎಂಜಿನ್ನಿಗೆ ಸೇರುವ ತುದಿಯಿಂದ ಬಾಯಲ್ಲಿ ಊದಿ ನೋಡಿ: ಊದಿದರೆ ಸಲೀಸಾಗಿ ಗಾಳಿ ಹೋಗಬೇಕು, ಎಳೆದರೆ ನಾಲಿಗೆಗೆ ಅಂಟಿಕೊಂಡಂತೆ ಬಿಗಿಯಬೇಕು. ಎರಡರಲ್ಲಿ ಒಂದು ತಪ್ಪಿದರೂ ಹೊಸದು ಹಾಕಿ. ಒಂದು ಹೊತ್ತಿನ ಊಟಕ್ಕಿಂತ ದುಬಾರಿಯಾಗದ ಈ ತುಂಡನ್ನು ಬಿಟ್ಟು ಸಾವಿರಾರು ರೂಪಾಯಿಯ ಕೆಲಸವನ್ನು ಮೊದಲು ಮಾಡಿಸುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಪೈಪು ಎಲ್ಲಿಯೂ ಮಡಿಚಿಕೊಂಡಿರಬಾರದು, ಮಡ್‌ಗಾರ್ಡಿಗೆ ಒತ್ತಿಕೊಂಡಿರಬಾರದು, ಅದರ ತುದಿ ಕೆಸರು ಮೆತ್ತುವ ಜಾಗದಲ್ಲಿರಬಾರದು.

ನಿಲ್ಲಿಸಿಟ್ಟ ಗಾಡಿಗಳಲ್ಲಿ ಮಲೆನಾಡಿಗರು ನೋಡಲೇಬೇಕಾದ ಇನ್ನೊಂದು ವಿಷಯವಿದೆ. ಹಲವು ವರ್ಷಗಳ ಹಿಂದೆ ಕೊಪ್ಪದ ಕಡೆಯ ತೋಟದ ಮನೆಯೊಂದರಿಂದ ಬುಲೆಟ್ ಒಂದನ್ನು ನನ್ನ ಬಳಿ ತಂದಿದ್ದರು. ಐದು ಕಡೆ ಎಣ್ಣೆ ಹಾರುತ್ತಿತ್ತು. ಟ್ಯಾಪೆಟ್ ಕವರಿನ ಅಂಚಿನಲ್ಲಂತೂ ಗುಳ್ಳೆ ಗುಳ್ಳೆಯಾಗಿ ಉಕ್ಕುತ್ತಿತ್ತು. ನಾನೂ ಆಗ ಅವಸರದವನೇ. ಎರಡು ಕಡೆ ಪ್ಯಾಕಿಂಗ್ ಬದಲಿಸಿ ಕಳುಹಿಸಿದೆ. ನಾಲ್ಕು ದಿನಕ್ಕೆ ಮರಳಿ ಬಂತು. ಆಮೇಲೆ ಬ್ರೀದರ್ ಪೈಪು ಬಿಚ್ಚಿ ಬೆಳಕಿಗೆ ಹಿಡಿದರೆ ಆಚೆಯ ಬೆಳಕು ಕಾಣಲಿಲ್ಲ. ತಂತಿ ಹಾಕಿ ಎಳೆದಾಗ ಬೆರಳಿನ ಗಾತ್ರದ ಒಣ ಕೆಮ್ಮಣ್ಣಿನ ಉಂಡೆ, ಅದರೊಳಗೆ ಒಣಗಿದ ಹಸುರು ಹುಳುಗಳು ಹೊರಬಿದ್ದವು. ಮಳೆಗಾಲದಲ್ಲಿ ಮಾಡಿನಲ್ಲಿ ನಿಂತಿದ್ದಾಗ ಕುಂಬಾರ ಹುಳ ತನ್ನ ಮರಿಗೆ ಅಲ್ಲಿ ಮನೆ ಕಟ್ಟಿತ್ತು. ಪೈಪು ಸ್ವಚ್ಛವಾದ ಮೇಲೆ ಐದರಲ್ಲಿ ನಾಲ್ಕು ಸೋರಿಕೆಗಳು ತಾವಾಗಿಯೇ ನಿಂತವು. ನಿಮ್ಮ ಗಾಡಿಯೂ ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ ವರ್ಷಗಟ್ಟಲೆ ನಿಂತಿತ್ತು ಎಂದು ಓದಿದಾಗ ನನಗೆ ಮೊದಲು ನೆನಪಾದದ್ದು ಆ ಮಣ್ಣುಂಡೆ.

ಬ್ರೀದರ್ ಸರಿಯಾದ ಮೇಲೂ ಸೋರುತ್ತಿದ್ದರೆ ಜಾಗ ಹುಡುಕುವ ಕೆಲಸ. ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಹನಿ ಬೀಳುವುದು ನಡುಮನೆಯಲ್ಲಿ, ಒಡೆದ ಹೆಂಚು ನಾಲ್ಕು ಪಕಾಸು ಮೇಲೆ. ಎಂಜಿನ್ನಿನಲ್ಲೂ ಎಣ್ಣೆ ಹುಟ್ಟಿದಲ್ಲಿ ಕಾಣುವುದಿಲ್ಲ; ಗಾಳಿಗೆ ಹಿಂದಕ್ಕೆ, ಭಾರಕ್ಕೆ ಕೆಳಕ್ಕೆ ಹರಿದು, ಸಿಲಿಂಡರಿನ ಸುತ್ತಲಿನ ತಂಪಿನ ರೆಕ್ಕೆಗಳ ಸಂದಿನಲ್ಲಿ ದಾರಿ ಮಾಡಿಕೊಂಡು ಬೇರೆಲ್ಲೋ ತೊಟ್ಟಿಕ್ಕುತ್ತದೆ. ಎಂಜಿನ್ನನ್ನು ಸೀಮೆಎಣ್ಣೆ ಅಥವಾ ಡೀಸೆಲ್ ಮತ್ತು ಬ್ರಷ್ಷಿನಿಂದ ಉಜ್ಜಿ, ಸೋಪು ನೀರಿನಲ್ಲಿ ತೊಳೆದು, ಬಿಸಿಲಿಗೆ ಪೂರ್ತಿ ಒಣಗಿಸಿ. ಅನಂತರ ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಎಂಜಿನ್ನಿನ ಮೇಲೆಲ್ಲ ತಟ್ಟಿ. ತೀರ್ಥಹಳ್ಳಿಯಿಂದ ಮಂಡಗದ್ದೆಯವರೆಗೆ ಸಾಧಾರಣ ವೇಗದಲ್ಲಿ ಹೋಗಿ, ನಡುವೆ ಎರಡು ಸಲವಾದರೂ ನಿಲ್ಲಿಸಿ ಟಾರ್ಚು ಹಾಕಿ ನೋಡಿ. ಬಿಳಿ ಪುಡಿಯ ಮೇಲೆ ಮೊದಲು ಕಪ್ಪಾಗುವ ಜಾಗವೇ ಮೂಲ. ಮನೆ ತಲುಪಿದ ಮೇಲೆ ನೋಡಿದರೆ ಎಲ್ಲವೂ ಕಪ್ಪಾಗಿರುತ್ತದೆ, ಪ್ರಯೋಜನವಿಲ್ಲ. ರಾತ್ರಿ ನಿಲ್ಲಿಸುವಾಗ ಹಳೆಯ ಕ್ಯಾಲೆಂಡರಿನ ಬಿಳಿ ಬೆನ್ನನ್ನು ಎಂಜಿನ್ನಿನ ಅಡಿಗೆ ಹಾಸಿ, ಚಕ್ರಗಳಿರುವ ಜಾಗವನ್ನು ಪೆನ್ಸಿಲಿನಲ್ಲಿ ಗುರುತಿಸಿಡಿ. ಬೆಳಗ್ಗೆ ಯಾವ ತೊಟ್ಟು ಎಲ್ಲಿ ಬಿದ್ದಿದೆ ಎಂಬುದು ನಕ್ಷೆಯಂತೆ ಸಿಗುತ್ತದೆ.

ಎಡಗಡೆಯ ಚೈನ್‌ಕೇಸಿನಲ್ಲಿ ಎಂಜಿನ್ನಿನದ್ದಲ್ಲದ ಬೇರೆಯೇ ಎಣ್ಣೆಯಿರುತ್ತದೆ ಎಂಬುದು ನಿಮಗೆ ತಿಳಿದಿರಬಹುದು. ಅಲ್ಲಿಂದ ಸೋರುತ್ತಿರುವುದು ಅದರ ಸ್ವಂತ ಎಣ್ಣೆಯೋ, ಎಂಜಿನ್ನಿನಿಂದ ಬಂದು ಸೇರಿದ್ದೋ ಎಂಬುದೇ ಇಲ್ಲಿಯ ಪ್ರಶ್ನೆ. ಈಗಿರುವುದನ್ನು ಖಾಲಿ ಮಾಡಿ, ಪವರ್ ಸ್ಟೀರಿಂಗಿಗೆ ಬಳಸುವ ಕೆಂಪು ಎಣ್ಣೆಯನ್ನು ಲೆವೆಲ್ ಸ್ಕ್ರೂ ತೂತಿನಿಂದ ಹನಿಯುವವರೆಗೆ ಹಾಕಿ. ಹಳೆಯ ಬುಲೆಟ್ ಸವಾರರು ಅನೇಕರು ಇದನ್ನೇ ಕಾಯಂ ಬಳಸುತ್ತಾರೆ, ಕ್ಲಚ್ಚಿಗೆ ತೊಂದರೆಯಿಲ್ಲ. ನೂರು ಕಿಲೋಮೀಟರ್ ಓಡಿಸಿ, ನೇರವಾಗಿ ನಿಲ್ಲಿಸಿ, ಲೆವೆಲ್ ಸ್ಕ್ರೂ ಬಿಚ್ಚಿ. ಕ್ಯಾಲೆಂಡರಿನ ಮೇಲಿನ ತೊಟ್ಟು ಕೆಂಪಾಗಿದ್ದು, ಮಟ್ಟ ಇಳಿದಿದ್ದರೆ ಕೇಸಿನ ಕೀಲು ಮಾತ್ರ ಸೋರುತ್ತಿದೆ. ಮಟ್ಟ ಏರಿ, ತೂತಿನಿಂದ ಕಪ್ಪು ಬೆರೆತ ಎಣ್ಣೆ ಹರಿದರೆ, ಕ್ರ್ಯಾಂಕ್ ಶಾಫ್ಟಿನ ಎಡಗಡೆಯ ಆಯಿಲ್ ಸೀಲ್ ದಾಟಿ ಎಂಜಿನ್ ಎಣ್ಣೆ ಬರುತ್ತಿದೆ. ಬ್ರೀದರ್ ಮುಚ್ಚಿಕೊಂಡಿದ್ದಾಗ ಒತ್ತಡಕ್ಕೆ ಮೊದಲು ಸೋಲುವುದು ಈ ಸೀಲ್. ಕ್ಲಚ್ ಜಾರತೊಡಗಿದ್ದರೆ ಅದಕ್ಕೂ ಇದೇ ಕಾರಣವಿರಬಹುದು.

ಕೇಸಿನ ಕೀಲೇ ಆಗಿದ್ದರೆ ತಪ್ಪು ಬಹುಪಾಲು ಬಿಗಿಯುವ ಕೈಯದು. ಹೊರಗಿನ ಕವರನ್ನು ಹಿಡಿದಿರುವುದು ನಡುವಿನ ಒಂದೇ ನಟ್ಟು. ಸೋರಿತೆಂದು ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ತಿರುವಿದರೆ ಕವರು ನಡುವೆ ಒಳಕ್ಕೆ ಕುಸಿದು, ಮುಂದಿನ ಮತ್ತು ಹಿಂದಿನ ತುದಿಗಳು ಎದ್ದು ನಿಲ್ಲುತ್ತವೆ, ಬಿಗಿದಷ್ಟೂ ಸೋರುತ್ತದೆ. ಕವರನ್ನು ಗಾಜಿನ ಹಲಗೆಯ ಮೇಲೆ ಬೋರಲಿಟ್ಟು ಅಂಚಿನಲ್ಲಿ ತೆಳುವಾದ ಕಾಗದ ತೂರಿಸಿ ನೋಡಿದರೆ ಎಲ್ಲಿ ಎದ್ದಿದೆ ಎಂದು ಗೊತ್ತಾಗುತ್ತದೆ. ಸುತ್ತಲಿನ ರಬ್ಬರ್ ಸೀಲನ್ನು ಪೆಟ್ರೋಲು, ಸೀಮೆಎಣ್ಣೆಗಳಲ್ಲಿ ತೊಳೆಯಬೇಡಿ. ಅದು ಹಿಗ್ಗಿ ಉದ್ದವಾಗುತ್ತದೆ. ಕಾಲುವೆಯಲ್ಲಿ ಕೂರದೆ ಒಂದು ಕಡೆ ಕುಣಿಕೆಯಂತೆ ಏಳುತ್ತದೆ. ಮೆಕ್ಯಾನಿಕ್ಕರು ಅದನ್ನು ಒತ್ತಿ ಕೂರಿಸಿ ಕವರ್ ಮುಚ್ಚುವಾಗ ಅಲ್ಲೇ ಸಿಕ್ಕಿ ಜಜ್ಜಿಹೋಗುತ್ತದೆ. ಸೋಪು ನೀರು ಸಾಕು. ಹೊಸ ಸೀಲನ್ನು ನಾಲ್ಕೈದು ಕಡೆ ಗ್ರೀಸಿನ ಬೊಟ್ಟಿಟ್ಟು ಕೂರಿಸಿದರೆ ಕವರ್ ಏರಿಸುವಾಗ ಜಾರುವುದಿಲ್ಲ. ಆಲ್ಟರ್ನೇಟರ್ ತಂತಿಗಳು ಕೇಸಿನಿಂದ ಹೊರಬರುವ ಜಾಗದ ರಬ್ಬರ್ ಬೂಚನ್ನೂ ಮರೆಯಬೇಡಿ. ತಂತಿಯ ಮೇಲೆಯೇ ಎಣ್ಣೆ ಹರಿದು ಗೇರ್‌ಬಾಕ್ಸಿನ ಕೆಳಗೆ ಬೀಳುವುದರಿಂದ ಗೇರ್‌ಬಾಕ್ಸಿನ ಮೇಲೆ ಸುಮ್ಮನೆ ಅಪವಾದ ಬರುತ್ತದೆ. ಅಂದಹಾಗೆ, ಗೇರ್‌ಬಾಕ್ಸಿಗೆ ತೆಳುವಾದ ಎಣ್ಣೆ ಹಾಕಿದ್ದರೆ ಅದು ನಿಜವಾಗಿಯೂ ಸೋರುತ್ತದೆ. ಅಲ್ಲಿಗೆ ತೊಂಬತ್ತು ನಂಬರಿನ ಗಟ್ಟಿ ಎಣ್ಣೆಯೇ ಬೇಕು.

ಬಲಗಡೆ ಸಿಲಿಂಡರಿನ ಬುಡದಲ್ಲಿ ಕಾಣುವ ಎಣ್ಣೆಗೆ ಬುಡದ ಪ್ಯಾಕಿಂಗೇ ಕಾರಣವೆಂದು ನಂಬಿ ಮೂರು ಸಲ ಅದನ್ನು ಬದಲಿಸಿರಬಹುದೆಂದು ನನ್ನ ಊಹೆ. ಅದನ್ನು ಬದಲಿಸಲು ಸಿಲಿಂಡರಿನ ಮೇಲಿನ ಮುಚ್ಚಳವಾದ ಹೆಡ್ಡು, ಸಿಲಿಂಡರು ಎರಡನ್ನೂ ಎತ್ತಬೇಕು. ಎತ್ತಿದ ಪ್ರತಿ ಸಲವೂ ಕೂತಿದ್ದ ರಿಂಗುಗಳು ಕದಲುತ್ತವೆ. ಅದಕ್ಕಿಂತ ಮೇಲೆ ನೋಡಿ. ಟೈಮಿಂಗ್ ಕವರಿನಿಂದ ಹೆಡ್ಡಿನವರೆಗೆ ಹೋಗುವ ತೆಳುವಾದ ಎಣ್ಣೆ ಪೈಪು ಮೇಲೆ ಎರಡು ರಾಕರುಗಳ ಬಳಿ ಬ್ಯಾಂಜೊ ಬೋಲ್ಟುಗಳಲ್ಲಿ (ಒಳಗಿನಿಂದ ಎಣ್ಣೆ ಹರಿಯುವ ಬೋಲ್ಟುಗಳು) ಕೊನೆಯಾಗುತ್ತದೆ. ಪ್ರತಿ ಬೋಲ್ಟಿಗೂ ಎರಡು ತಾಮ್ರದ ವಾಷರುಗಳಿವೆ. ಅವುಗಳಲ್ಲಿ ಒಂದು ಜಿನುಗಿದರೂ ಎಣ್ಣೆ ರೆಕ್ಕೆಗಳ ನಡುವೆ ಇಳಿದು ಬಂದು ನಿಲ್ಲುವುದು ಸಿಲಿಂಡರಿನ ಬುಡದಲ್ಲೇ. ರಾಕರುಗಳನ್ನು ಕೆಳಗಿನಿಂದ ತಳ್ಳುವ ಪುಶ್‌ರಾಡುಗಳು ಓಡಾಡುವ ಸುರಂಗವೂ ಅದೇ ಬದಿಯಲ್ಲಿದ್ದು, ಹೆಡ್ಡು ಮತ್ತು ಸಿಲಿಂಡರು ಕೂಡುವ ಗೆರೆಯಲ್ಲಿ ಆ ಸುರಂಗದ ಸುತ್ತ ಜಿನುಗಿದರೂ ಎಣ್ಣೆ ಸೇರುವುದು ಅಲ್ಲಿಗೇ. ರಾಕರ್ ಕವರುಗಳು, ಟ್ಯಾಪೆಟ್ ಕವರು, ಹಿಂದೆ ಡಿಸ್ಟ್ರಿಬ್ಯೂಟರಿನ ಬುಡ, ಇವೆಲ್ಲ ಅದೇ ಬೀದಿಯ ಮನೆಗಳು. ಪೌಡರ್ ಹಚ್ಚದೆ ಇವುಗಳಲ್ಲಿ ಯಾವುದೆಂದು ಹೇಳುವುದು ನನ್ನಿಂದಲೂ ಆಗದು.

ತಾಮ್ರದ ವಾಷರನ್ನು ಒಮ್ಮೆ ಬಿಗಿದರೆ ಅದು ಒತ್ತಡಕ್ಕೆ ಗಡುಸಾಗುತ್ತದೆ. ಮತ್ತೆ ಬಳಸಿದರೆ ಮುಖಕ್ಕೆ ಹೊಂದಿಕೊಳ್ಳುವುದಿಲ್ಲ. ಹೊಸದು ಸಿಗದಿದ್ದರೆ ಹಳೆಯದನ್ನೇ ಮೆದುವಾಗಿಸಬಹುದು. ವಾಷರನ್ನು ತಂತಿಗೆ ಪೋಣಿಸಿ ಬಚ್ಚಲ ಒಲೆಯ ನಿಗಿನಿಗಿ ಕೆಂಡದಲ್ಲಿಡಿ. ಮೊದಲು ಅದರ ಮೈಮೇಲೆ ನವಿಲುಗರಿಯ ಬಣ್ಣಗಳು ಓಡಿ, ಆಮೇಲೆ ಕಪ್ಪಾಗಿ, ಕೊನೆಗೆ ಮಂಕು ಕೆಂಪಿಗೆ ತಿರುಗುತ್ತದೆ. ಆಗ ತೆಗೆದು ನೀರಿಗೆ ಹಾಕಿ. ಉಕ್ಕಾಗಿದ್ದರೆ ಹೀಗೆ ಮಾಡಿದಾಗ ಗಡುಸಾಗುತ್ತಿತ್ತು. ತಾಮ್ರ ಕಾಯಿಸಿದ್ದರಿಂದಲೇ ಮೆದುವಾಗಿರುತ್ತದೆ, ನೀರು ಮೇಲಿನ ಕಪ್ಪು ಹಕ್ಕಳೆಯನ್ನು ಉದುರಿಸುತ್ತದೆ ಅಷ್ಟೆ. ನೆಲದ ಮೇಲೆ ಬೀಳಿಸಿದರೆ ಕಣ್ಣು ಮುಚ್ಚಿಯೂ ವ್ಯತ್ಯಾಸ ತಿಳಿಯುತ್ತದೆ: ಗಡುಸು ವಾಷರು ನಾಣ್ಯದಂತೆ ಟಣ್ಣೆನ್ನುತ್ತದೆ, ಹದಗೊಂಡದ್ದು ಮೊದ್ದು ಸದ್ದು ಮಾಡುತ್ತದೆ. ನಯವಾದ ಎಮೆರಿ ಕಾಗದವನ್ನು ಗಾಜಿನ ಮೇಲೆ ಹಾಸಿ ಎರಡೂ ಮುಖಗಳನ್ನು ಒಮ್ಮೆ ಉಜ್ಜಿ ಹಾಕಿದರೆ, ಸಣ್ಣ ಸ್ಪ್ಯಾನರಿನ ಸಾಧಾರಣ ಬಿಗಿತಕ್ಕೇ ಕೂಡಿಕೊಳ್ಳುತ್ತದೆ. ಬ್ಯಾಂಜೊ ಬೋಲ್ಟು ಒಳಗೆ ಟೊಳ್ಳು. ಜೋರು ಮಾಡಿದರೆ ಕತ್ತು ಮುರಿಯುತ್ತದೆ.

ಯಾವ ಕವರ್ ಬಿಚ್ಚಿದರೂ ಹಳೆಯ ಪ್ಯಾಕಿಂಗನ್ನು ಸ್ಕ್ರೂಡ್ರೈವರಿನಿಂದ ಕೆರೆಯಲು ಬಿಡಬೇಡಿ. ಅಲ್ಯೂಮಿನಿಯಂ ಮೇಲೆ ಬಿದ್ದ ಒಂದು ಗೀರು ಮುಂದಿನ ಹತ್ತು ಪ್ಯಾಕಿಂಗುಗಳಿಗೂ ಸೋರುವ ದಾರಿಯಾಗುತ್ತದೆ. ಅಡಿಕೆ ದಬ್ಬೆಯ ಚೂರನ್ನು ಉಳಿಯಂತೆ ಚೂಪಾಗಿ ಕೆತ್ತಿಕೊಂಡರೆ ಪ್ಯಾಕಿಂಗ್ ಬಿಡಿಸುವಷ್ಟು ಗಟ್ಟಿ, ಲೋಹಕ್ಕೆ ಗೀರು ಬೀಳಿಸದಷ್ಟು ಮೆದು. ಇನ್ನು ಕೀಲಿಗೆಲ್ಲ ಸಿಲಿಕಾನ್ ಪೇಸ್ಟನ್ನು ದೋಸೆಗೆ ಬೆಣ್ಣೆ ಹಚ್ಚಿದಂತೆ ಹಚ್ಚುವ ರೂಢಿಯ ಬಗ್ಗೆ ನನಗೆ ತೀವ್ರ ಅಸಮಾಧಾನವಿದೆ. ಹೊರಕ್ಕೆ ಎಷ್ಟು ಉಬ್ಬಿ ಬಂದಿದೆಯೋ ಅಷ್ಟೇ ಒಳಕ್ಕೂ ಉಬ್ಬಿರುತ್ತದೆ. ಒಳಗಿನದು ಒಣಗಿ, ತುಂಡಾಗಿ, ಎಣ್ಣೆಯೊಡನೆ ತಿರುಗಿ ಕೊನೆಗೆ ಪಂಪಿನ ಬಾಯಿಗೋ ರಾಕರಿನ ಸಣ್ಣ ದಾರಿಗೋ ಅಡ್ಡ ಕೂರುತ್ತದೆ. ಸೋರುವ ಎಂಜಿನ್ ನೆಲವನ್ನು ಹೊಲಸು ಮಾಡುತ್ತದೆ; ಎಣ್ಣೆ ಸಿಗದ ಎಂಜಿನ್ ಘಾಟಿಯ ನಡುವೆ ಹಿಡಿದುಕೊಳ್ಳುತ್ತದೆ. ಮುಖಗಳು ಸಮತಟ್ಟಾಗಿದ್ದರೆ ಒಳ್ಳೆಯ ಕಾಗದದ ಪ್ಯಾಕಿಂಗಿಗೆ ಗ್ರೀಸು ಸವರಿದರೆ ಸಾಕು. ಪೇಸ್ಟ್ ಬೇಕೇ ಬೇಕಾದಲ್ಲಿ ಬೆರಳಿನಿಂದ ಒರೆಸಿ ಉಳಿದಷ್ಟು ತೆಳುವಾಗಿರಲಿ. ಸೋರಿಕೆಗೆ ಮದ್ದೆಂದು ಎಣ್ಣೆಯನ್ನೇ ಅತಿ ಗಟ್ಟಿಯದಕ್ಕೆ ಬದಲಿಸುವುದೂ ಬೇಡ, 20ಡಬ್ಲ್ಯೂ-50 ದರ್ಜೆಯ ಎಣ್ಣೆ ಈ ಎಂಜಿನ್ನಿಗೆ ಸರಿಯಾಗಿದೆ.

ಎಂಜಿನ್ ಬಿಚ್ಚಲೇಬೇಕೇ ಎಂಬುದನ್ನು ತೀರ್ಮಾನಿಸಲು ನಿಮ್ಮ ಊರಿನಿಂದ ಒಂದು ಒಳ್ಳೆಯ ಪರೀಕ್ಷೆಯ ದಾರಿಯಿದೆ. ಆಗುಂಬೆಯಿಂದ ಸೋಮೇಶ್ವರಕ್ಕೆ ಹದಿನಾಲ್ಕು ತಿರುವುಗಳ ಘಾಟಿಯನ್ನು ಆಕ್ಸಿಲರೇಟರ್ ಮುಚ್ಚಿ, ಗೇರಿನ ಹಿಡಿತದಲ್ಲಿ ಇಳಿಯಿರಿ. ಹಿಂದೆ ಇನ್ನೊಂದು ಗಾಡಿಯಲ್ಲಿ ಯಾರಾದರೂ ಬರಲಿ. ತಳಕ್ಕೆ ಬಂದು ಆಕ್ಸಿಲರೇಟರ್ ತೆರೆದ ಗಳಿಗೆಯಲ್ಲಿ ನೀಲಿ ಹೊಗೆಯ ಒಂದು ಮೋಡ ಎದ್ದು ಮಾಯವಾದರೆ ವಾಲ್ವುಗಳು ಓಡಾಡುವ ಕೊಳವೆಗಳಾದ ವಾಲ್ವ್ ಗೈಡುಗಳು ಸವೆದಿವೆ. ಇಳಿಯುವಾಗ ಸಿಲಿಂಡರಿನೊಳಗಿನ ಎಳೆತಕ್ಕೆ ಅಲ್ಲಿಂದ ಎಣ್ಣೆ ಒಳನುಗ್ಗಿದೆ. ಅದು ಹೆಡ್ಡಿನ ಕೆಲಸ, ಸೋರಿಕೆಗೂ ಅದಕ್ಕೂ ನೇರ ಸಂಬಂಧವಿಲ್ಲ. ಅನಂತರ ಅದೇ ಘಾಟಿಯನ್ನು ಹತ್ತಿ. ಹತ್ತುವಾಗ ಪಿಸ್ಟನ್ನಿನ ಮೇಲಿನ ಭಾರ ಅತಿ ಹೆಚ್ಚು, ರಿಂಗುಗಳನ್ನು ದಾಟಿ ಬರುವ ಹೊಗೆಯೂ ಹೆಚ್ಚು. ಮೇಲೆ ತಲುಪಿ, ಎಂಜಿನ್ ಆರಿಸದೆ, ಬ್ರೀದರ್ ಪೈಪಿನ ತುದಿಗೆ ಅಂಗೈ ಹಿಡಿಯಿರಿ. ಸಣ್ಣಗೆ ಪುಫ್ ಪುಫ್ ಎಂದು ಬಡಿದರೆ ಸರಿ. ಬೀಡಿ ಸೇದುವವರಂತೆ ಹೊಗೆ ಉಗುಳುತ್ತ, ಅಂಗೈ ಎಣ್ಣೆಯಲ್ಲಿ ತೋಯ್ದರೆ ರಿಂಗು ಮತ್ತು ಸಿಲಿಂಡರಿನ ಒಳಮೈ (ಬೋರು) ಸವೆದಿವೆ.

ಆ ಕೊನೆಯ ಸ್ಥಿತಿಯಲ್ಲಿ ಮಾತ್ರ ಎಂಜಿನ್ನಿನ ಮೇಲ್ಭಾಗ ಬಿಚ್ಚಿಸಿ, ಲೇತಿನವರಲ್ಲಿ ಬೋರು ಅಳತೆ ಮಾಡಿಸಿ, ಬೇಕಿದ್ದರೆ ರಿಬೋರ್ ಮಾಡಿಸಿ, ಅಂದರೆ ಒಳಮೈಯನ್ನು ಕೊರೆದು ಸಮ ಮಾಡಿಸಿ. ಆಗಲೂ ಕ್ರ್ಯಾಂಕ್‌ಕೇಸ್ ಇಬ್ಭಾಗ ಮಾಡಬೇಕಾಗಿಲ್ಲ. ಅದಕ್ಕೆ ಕೈಹಾಕಬೇಕಾದ ಸಂದರ್ಭಗಳು ಎರಡೇ: ಬಿಗ್ ಎಂಡ್ ಸದ್ದು ಮಾಡುತ್ತಿದ್ದರೆ, ಅಥವಾ ಹಿಂದೆ ಎಂದೋ ಚೈನು ತುಂಡಾಗಿ ಬಡಿದು ಎರಕದಲ್ಲಿ ಬಿರುಕು ಬಿಟ್ಟಿದ್ದರೆ. ಬಿರುಕನ್ನು ನೋಡಲು ಎಂಜಿನ್ನಿನ ಹಿಂದಿನ ಎಡಭಾಗವನ್ನು, ಚೈನಿನ ಹತ್ತಿರ, ಸೀಮೆಎಣ್ಣೆಯಲ್ಲಿ ಒದ್ದೆ ಮಾಡಿ ಒರೆಸಿ, ಸೀಮೆಸುಣ್ಣ ಉಜ್ಜಿ. ಬಿರುಕಿದ್ದರೆ ಅರ್ಧ ಗಂಟೆಯಲ್ಲಿ ಸುಣ್ಣದ ಮೇಲೆ ಕೂದಲಿನಂತಹ ಒದ್ದೆ ಗೆರೆ ಮೂಡುತ್ತದೆ.

ಎಣ್ಣೆಯ ಮಟ್ಟ, ಬ್ರೀದರ್, ಕೆಂಪು ಎಣ್ಣೆ, ಪೌಡರ್, ಬ್ಯಾಂಜೊ ವಾಷರು, ಈ ಕ್ರಮದಲ್ಲೇ ಹೋಗಿ. ಎರಡು ಕೆಲಸಗಳನ್ನು ಒಟ್ಟಿಗೆ ಮಾಡಬೇಡಿ, ಮಾಡಿದರೆ ಯಾವುದರಿಂದ ನಿಂತಿತೆಂದು ತಿಳಿಯುವುದಿಲ್ಲ. ಇಳಿಸಿದ ಹಳೆಯ ಎಣ್ಣೆಯನ್ನು ಬೇಲಿಗೂಟಗಳ ಬುಡಕ್ಕೆ ಗೆದ್ದಲು ಹತ್ತದಂತೆ ಬಳಿಯುವ ರೂಢಿ ನಿಮ್ಮಲ್ಲೂ ಇರಬಹುದು; ಬಾವಿಯ ಹತ್ತಿರದ ಗೂಟಗಳಿಗೆ ಮಾತ್ರ ಬೇಡ. ಎಲ್ಲ ಮುಗಿದು ಐನೂರು ಕಿಲೋಮೀಟರ್ ಓಡಿದ ಮೇಲೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ಹೆಡ್ಡಿನ ನಟ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಒಮ್ಮೆ ಎದುರುಬದುರಾಗಿ ಬಿಗಿಸಿ. ಚೈನ್‌ಕೇಸಿನ ಮಟ್ಟ ಆಗಲೂ ತಾನಾಗಿ ಏರುತ್ತಿದ್ದರೆ, ಎಡಗಡೆಯ ಆಯಿಲ್ ಸೀಲನ್ನು ಬದಲಿಸಲು ಹೇಳಿ, ಮತ್ತು ಹಳೆಯ ಸೀಲನ್ನು ಎಸೆಯದೆ ನಿಮ್ಮ ಕೈಗೆ ಕೊಡಲು ಹೇಳಿ. ಅದರ ತುಟಿ ಗಡುಸಾಗಿದ್ದರೆ ಕಾಲ ಮುಗಿದಿತ್ತು ಎಂದು ಅರ್ಥ. ಮೆದುವಾಗಿದ್ದೂ ಹೊರಮುಖವಾಗಿ ಮಡಿಚಿಕೊಂಡಿದ್ದರೆ ಒಳಗೆ ಒತ್ತಡ ಇನ್ನೂ ಇದೆ, ಮತ್ತೆ ಬ್ರೀದರಿನಿಂದಲೇ ಶುರುಮಾಡಬೇಕು.